ಉಪವಾಸ ಮತ್ತು ಅತಿಥಿ: ಈಜಿಪ್ಟಿನ ಮರುಭೂಮಿ ವಿರಕ್ತರ ಕಥನಗಳಲ್ಲಿ ನೇಮ ಹಾಗೂ ಕರುಣೆ

ವ್ರತನಿಯಮಗಳ ಕಟ್ಟುನಿಟ್ಟಾದ ಪಾಲನೆ ಒಂದೆಡೆ, ಹಸಿದವರ ಹಾಗೂ ರೋಗಿಗಳ ಅಗತ್ಯ ಇನ್ನೊಂದೆಡೆ ನಿಂತಾಗ ಮೊದಲ ಸ್ಥಾನ ಯಾವುದಕ್ಕೆ ಎಂಬ ಪ್ರಶ್ನೆ ಕ್ರೈಸ್ತಧರ್ಮದಲ್ಲಿ ಆರಂಭದಿಂದಲೂ ಇದೆ. ಮತ್ತಾಯನ ಸುವಾರ್ತೆಯಲ್ಲಿ ಹಸಿದ ಶಿಷ್ಯರು ಸಬ್ಬತ್ ದಿನದಂದು ತೆನೆ ಕಿತ್ತು ತಿಂದಾಗ ಆಕ್ಷೇಪ ಬರುತ್ತದೆ. ಹಸಿದ ದಾವೀದನು ದೇವರಿಗೆ ಮೀಸಲಾದ ರೊಟ್ಟಿಯನ್ನು ತಿಂದುದನ್ನು ನೆನಪಿಸಿ ಯೇಸು ಅವರನ್ನು ಸಮರ್ಥಿಸುತ್ತಾನೆ. ಪ್ರಾಣಾಪಾಯದ ಸಂದರ್ಭದಲ್ಲಿ ಸಬ್ಬತ್ ನಿಯಮವನ್ನು ಮೀರಬಹುದೆಂದು ಯೆಹೂದ್ಯರ ಮಿಶ್ನಾ ಕೂಡ ಹೇಳುವುದರಿಂದ, ಇದನ್ನು ಎರಡು ಧರ್ಮಗಳ ನಡುವಣ ಭೇದವೆಂದು ಭಾವಿಸುವುದು ಸರಿಯಾಗಲಾರದು. ನಿಯಮವುಳ್ಳ ಪ್ರತಿಯೊಂದು ಸಮುದಾಯವೂ ಎದುರಿಸಬೇಕಾದ ಪ್ರಶ್ನೆ ಇದು.

ಈ ಪ್ರಶ್ನೆ ಕಥನರೂಪದಲ್ಲಿ ಸ್ಪಷ್ಟವಾಗಿ ಮೂಡಿದ್ದು 4ನೆಯ ಶತಮಾನದ ಈಜಿಪ್ಟಿನಲ್ಲಿ. ಇಂದು ವಾದಿ ನತ್ರೂನ್ ಎನಿಸಿಕೊಂಡಿರುವ ಸ್ಕೇಟಿಸ್ ಮರುಭೂಮಿಯಲ್ಲಿ ವಿರಕ್ತರು ಬಿಡಿಬಿಡಿಯಾದ ಗುಡಿಸಲುಗಳಲ್ಲಿ ವಾಸಿಸುತ್ತಿದ್ದರು. ಹಿರಿಯರನ್ನು 'ಅಬ್ಬಾ', ಎಂದರೆ ತಂದೆ, ಎಂದು ಕರೆಯುವುದು ರೂಢಿ. ಇವರ ಮಾತು-ಪ್ರಸಂಗಗಳು ಮೊದಲು ಬಾಯಿಂದ ಬಾಯಿಗೆ ಹರಡಿ, 5ನೆಯ ಶತಮಾನದ ಕೊನೆಯ ವೇಳೆಗೆ ಗ್ರೀಕ್ ಭಾಷೆಯಲ್ಲಿ ಸಂಕಲನಗೊಂಡವು. 6ನೆಯ ಶತಮಾನದ ನಡುವೆ ಲ್ಯಾಟಿನ್‌ಗೆ ಅನುವಾದವಾದವು. ಪಾಠಭೇದಗಳು, ಹೆಸರಿಲ್ಲದ 'ಒಬ್ಬ ಹಿರಿಯ', ಪ್ರಸಂಗದ ಅಂತ್ಯದಲ್ಲಿ ಬರುವ ಒಂದೇ ಮಾತಿನ ತೀರ್ಪು ಮುಂತಾದ ಮೌಖಿಕ ಪರಂಪರೆಯ ಲಕ್ಷಣಗಳು ಇವುಗಳಲ್ಲಿ ಉಳಿದುಕೊಂಡಿವೆ.

ಅಬ್ಬಾ ಮೋಶೆಯ ಪ್ರಸಂಗ ಇಲ್ಲಿ ಮುಖ್ಯವಾದುದು. ಆ ವಾರವೆಲ್ಲ ಉಪವಾಸವಿರಬೇಕೆಂದು ಸ್ಕೇಟಿಸ್‌ನಲ್ಲಿ ಕಟ್ಟಪ್ಪಣೆಯಾಗಿರುತ್ತದೆ. ಅಷ್ಟರಲ್ಲಿ ಅತಿಥಿಗಳು ಬರುತ್ತಾರೆ. ಮೋಶೆ ಅವರಿಗಾಗಿ ಸ್ವಲ್ಪ ಅಡುಗೆ ಮಾಡುತ್ತಾನೆ. ಹೊಗೆಯನ್ನು ಕಂಡ ನೆರೆಯವರು ದೂರು ಕೊಡುತ್ತಾರೆ. ಶನಿವಾರ ಎಲ್ಲರೂ ಸೇರಿದಾಗ ಹಿರಿಯರು ಮೋಶೆಯನ್ನು ದಂಡಿಸುವುದಿಲ್ಲ. ಮನುಷ್ಯರ ಆಜ್ಞೆಯನ್ನು ಮುರಿದು ದೇವರ ಆಜ್ಞೆಯನ್ನು ಪಾಲಿಸಿದನೆಂದು ಸಭೆಯ ಮುಂದೆಯೇ ಹೊಗಳುತ್ತಾರೆ. ಹೊಗೆ ಎಂಬ ಆಶಯ ಇಲ್ಲಿ ಗಮನಾರ್ಹ. ನೇಮಭಂಗ ದೂರದವರೆಗೂ ಕಾಣುತ್ತದೆ. ಅದರ ಕಾರಣ ಗುಡಿಸಲಿನ ಒಳಗೇ ಉಳಿಯುತ್ತದೆ. ದೂರಿನವರಿಗೆ ಕಂಡದ್ದು ಹೊಗೆ ಮಾತ್ರ.

ಈಜಿಪ್ಟಿನಲ್ಲಿ ಹಲವು ವರ್ಷ ಕಳೆದ ಜಾನ್ ಕ್ಯಾಸಿಯನ್, ಸುಮಾರು 420ರಲ್ಲಿ ರಚಿಸಿದ ಗ್ರಂಥದಲ್ಲಿ ಇದೇ ಧೋರಣೆಯನ್ನು ದಾಖಲಿಸಿದ್ದಾನೆ. ಬಂದವರಿಗಾಗಿ ಉಪವಾಸವನ್ನು ಸುಲಭವಾಗಿ ಬಿಡುವುದೇಕೆಂದು ಕೇಳಿದಾಗ ಹಿರಿಯನೊಬ್ಬ ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ಉಪವಾಸ ಸದಾ ಜೊತೆಗಿರುವಂಥದು, ಅತಿಥಿ ಹಾಗಲ್ಲ, ಉಪವಾಸ ತಾನಾಗಿ ಅರ್ಪಿಸುವ ಕಾಣಿಕೆ, ಪ್ರೀತಿಯ ಕೆಲಸವಾದರೋ ತಪ್ಪಿಸಲಾಗದ ಕಟ್ಟಳೆ.

ಇದರಿಂದ ನೇಮ ಸಡಿಲವಾಯಿತೆಂದು ತಿಳಿಯುವಂತಿಲ್ಲ. ಅಬ್ಬಾ ಮಕಾರಿಯಸ್ ಸಹೋದರರ ಸಂತೋಷಕ್ಕಾಗಿ ದ್ರಾಕ್ಷಾರಸ ಕುಡಿಯುತ್ತಿದ್ದನು. ಆದರೆ ಕುಡಿದ ಪ್ರತಿಯೊಂದು ಬಟ್ಟಲಿಗೆ ಒಂದೊಂದು ದಿನ ನೀರನ್ನೂ ಮುಟ್ಟುತ್ತಿರಲಿಲ್ಲ. ಶಿಷ್ಯನಿಂದ ಇದನ್ನರಿತ ಸಹೋದರರು ದ್ರಾಕ್ಷಾರಸ ಕೊಡುವುದನ್ನೇ ನಿಲ್ಲಿಸಿದರು. ನೇಮದ ಬೆಲೆಯನ್ನು ಅವನು ತನ್ನ ದೇಹದಲ್ಲೇ ತೆತ್ತನು, ಅತಿಥಿಗಳಿಂದ ವಸೂಲು ಮಾಡಲಿಲ್ಲ. ತಿಳಿದ ಮೇಲೆ ಅತಿಥಿಗಳೂ ಅವನ ಮೇಲೆ ಕರುಣೆ ತೋರಿದರು. ಇನ್ನೊಂದು ಪ್ರಸಂಗದಲ್ಲಿ, ಆರು ದಿನ ಉಪವಾಸವಿರುವ ಸಹೋದರನು ಮೂಗಿನಿಂದ ನೇತಾಡಿಕೊಂಡರೂ ರೋಗಿಗಳ ಸೇವೆ ಮಾಡುವವನಿಗೆ ಸಮನಾಗಲಾರನೆಂದು ಹಿರಿಯನೊಬ್ಬ ತೀರ್ಪು ಕೊಡುತ್ತಾನೆ. ಜನಪದ ಹಾಸ್ಯದ ಈ ಅತಿಶಯೋಕ್ತಿ, ತಪಸ್ಸಿನ ಹೆಮ್ಮೆಯನ್ನು ಒಂದೇ ಏಟಿಗೆ ಇಳಿಸುತ್ತದೆ.

ಈ ಕಥನಗಳನ್ನು ಹೇಳಿದವರೂ ಕೇಳಿದವರೂ ಕಠೋರ ವ್ರತಧಾರಿಗಳೇ ಆಗಿದ್ದರೆಂಬುದನ್ನು ಮರೆಯುವಂತಿಲ್ಲ. ಇವು ನೇಮವನ್ನು ಅಲ್ಲಗಳೆಯುವವರ ಟೀಕೆಗಳಲ್ಲ; ನೇಮಸ್ಥರು ತಮಗೆ ತಾವೇ ಹಾಕಿಕೊಂಡ ಎಚ್ಚರಿಕೆಗಳು. ಕಠೋರತೆ ತನ್ನ ಮೇಲೆ, ಕರುಣೆ ಇತರರ ಮೇಲೆ ಎಂಬ ಕ್ರಮ ತಲೆಕೆಳಗಾದಲ್ಲಿ ನೇಮವು ಹೆಮ್ಮೆಯಾಗಿ, ಕೊನೆಗೆ ದೂರಾಗಿ ಪರಿಣಮಿಸುತ್ತದೆ ಎಂಬ ತಿಳಿವಳಿಕೆಯನ್ನು ಆ ಸಮುದಾಯ ಕಥೆಗಳ ಮೂಲಕವೇ ಮುಂದಿನ ತಲೆಮಾರಿಗೆ ಉಳಿಸಿಕೊಟ್ಟಿತು.