ಆಡಿದ್ದಕ್ಕಿಂತ ಅರಿತದ್ದು ಹೆಚ್ಚು

ಬೀದರ್ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು; ಶಾಲೆಯಲ್ಲೂ ಅದರದೇ ಮೇಲುಗೈ. ಜಿಲ್ಲೆಯ ಕೊಡಂಬಲದಂಥ ಹಳ್ಳಿಗಳಲ್ಲಿ ಕನ್ನಡ ವ್ಯಾಕರಣವನ್ನು ಯಾರೂ ಹೇಳಿಕೊಡದಿದ್ದರೂ ಮನೆಮಾತಿನ ವಾಕ್ಯರಚನೆ ಕೆಡಲಿಲ್ಲ. ಕಲಿಸದೆ ಬಂದ ಈ ಅರಿವನ್ನು ವ್ಯಾಕರಣಶಾಸ್ತ್ರ ಬಹುಕಾಲ ಪ್ರತ್ಯೇಕವಾಗಿ ಗುರುತಿಸಲಿಲ್ಲ. ಪಕ್ಕದ ಕಲ್ಯಾಣವು ಚಾಳುಕ್ಯರ ರಾಜಧಾನಿಯಾಗಿತ್ತು. ಆ ಅರಸರ ಆಶ್ರಯದಲ್ಲಿದ್ದ ಎರಡನೇ ನಾಗವರ್ಮ ‘ಕರ್ನಾಟಕ ಭಾಷಾಭೂಷಣ’ ಬರೆದ. ಅವನಿಗಾಗಲಿ, 13ನೇ ಶತಮಾನದ ಕೇಶಿರಾಜನಿಗಾಗಲಿ ಕವಿಪ್ರಯೋಗವೇ ಪ್ರಮಾಣ. ಆಡುವವನ ತಲೆಯೊಳಗಿನ ಅರಿವು ಬೇರೆ, ಬಾಯಿಂದ ಹೊರಟ ಮಾತು ಬೇರೆ ಎಂದು ಗೆರೆ ಎಳೆದವನು ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ, 1965ರಲ್ಲಿ. ಮರೆವು, ದಣಿವು, ತೊದಲುಗಳೆಲ್ಲ ಎರಡನೆಯದರ ಪಾಲು.

ಗೆರೆ ಎಳೆಯುವುದು ಸುಲಭ, ತೋರಿಸುವುದು ಕಷ್ಟ. ತೋರಿಸಲು ನೆರವಾದದ್ದು, ಅಚ್ಚರಿಯೆಂದರೆ, ಕನ್ನಡದ ಮಕ್ಕಳು. ‘ನಾ ಎರಡ್ ಪುಸ್ತಕ ಓದ್ಲಿಲ್ಲ’ ಎಂಬ ಮಾತಿಗೆ ದೊಡ್ಡವರು ಎರಡು ಅರ್ಥ ಹಚ್ಚುತ್ತಾರೆ: ಓದದೆ ಉಳಿದವು ಎರಡು, ಇಲ್ಲವೇ, ಓದಿದ್ದು ಎರಡಾಗಲಿಲ್ಲ, ಒಂದೇ ಆಗಿರಬಹುದು. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ವರ್ಷದ ಮಕ್ಕಳು ಇಂಥ ವಾಕ್ಯಗಳಿಗೆ ಎರಡನೇ ಅರ್ಥವನ್ನೇ ಹಿಡಿದರು. ಕಿವಿಗೆ ಬಿದ್ದ ಕ್ರಮವನ್ನೇ ನೆಚ್ಚಿದ್ದರೆ ಮೊದಲು ಬರುವ ‘ಎರಡು’ ಗೆದ್ದು, ಮೊದಲ ಅರ್ಥ ಉಳಿಯಬೇಕಿತ್ತು. ನಿಷೇಧ ಮೊದಲೇ ಬರುವ ಇಂಗ್ಲಿಷಿನ ಮಕ್ಕಳೂ ಇದೇ ಅರ್ಥ ಹಿಡಿದರು. ಪದಗಳ ಸಾಲು ತಿರುವುಮುರುವಾದರೂ ಅರ್ಥ ಒಂದೇ ಆಯಿತೆಂದರೆ, ಮಗು ನೆಚ್ಚಿದ್ದು ಸಾಲನ್ನಲ್ಲ, ಕರ್ಮಪದವನ್ನು ನಿಷೇಧದ ಅಡಿಯಲ್ಲಿಡುವ ರಚನೆಯನ್ನು. ಆ ರಚನೆ ಯಾವ ಕಿವಿಗೂ ಕೇಳಿಸುವಂಥದಲ್ಲ.

ಅರ್ಧ ಅರ್ಥವಷ್ಟೇ ತಿಳಿದ ಮಗುವಿಗೆ ಎಂಥ ಅರಿವು ಎನ್ನಬಹುದು. ಆದರೆ ಇಂಗ್ಲಿಷ್ ಮಕ್ಕಳಿಗೆ ಇದೇ ಬಗೆಯ ನಿಷೇಧವಾಕ್ಯಗಳನ್ನು ಸಂದರ್ಭ ತಿಳಿಯಾಗಿಸಿ ಹೇಳಿದಾಗ, ಬಿಟ್ಟಿದ್ದ ಅರ್ಥವನ್ನು ಒಪ್ಪುವವರು ಹೆಚ್ಚಿದರು. ಕೊರತೆ ಇದ್ದದ್ದು ಬಳಕೆಯಲ್ಲಿ. ಹಾಗಾದರೆ ಸಿದ್ಧಾಂತಕ್ಕೆ ಒಗ್ಗದ್ದನ್ನೆಲ್ಲ ಬಳಕೆಯ ತಲೆಗೆ ಕಟ್ಟಬಹುದಲ್ಲ? ಈ ಆಕ್ಷೇಪಕ್ಕೆ ತೂಕವಿದೆ, ಚಾಮ್‌ಸ್ಕಿಯ ಅನುಯಾಯಿಗಳು ಹಾಗೆ ಜಾರಿಕೊಂಡದ್ದೂ ಉಂಟು. ಬಳಕೆಯ ಹೊರೆ ಇಳಿಸಿದ ಮೇಲೂ ತಪ್ಪು ಉಳಿದರೆ ಅದು ಅರಿವಿನದೇ ಎಂದು ಒಪ್ಪಬೇಕು. ಬೀದರ್ ಮಾತಿನ ಉರ್ದು, ಮರಾಠಿ ಬೆರಕೆಯನ್ನಂತೂ ತಪ್ಪಿನ ಲೆಕ್ಕಕ್ಕೇ ಹಿಡಿಯಬಾರದು. ಅದು ಇನ್ನೊಂದು ಪೂರ್ಣ ಅರಿವು. ಕಲಬುರಗಿಯ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಕೊಡಂಬಲದ ಅಂಗನವಾಡಿಗೆ ಒಯ್ಯಲಿ, ಪ್ರಶ್ನೆಯನ್ನು ಅಲ್ಲಿನ ಮಾತಿನಲ್ಲೇ ಕೇಳಲಿ.