ಮಹರ್ ಯಾರಿಗೆ ಸೇರಬೇಕು?

ಪ್ರಶ್ನೆ: ಮುಸ್ಲಿಂ ಮದುವೆಯಲ್ಲಿ ವರ ಕೊಡುವ ಮಹರ್ ಹುಡುಗಿಯ ತಂದೆಗೆ ಸೇರುತ್ತದೆಯೇ? ಅದೂ ವರದಕ್ಷಿಣೆಯಂಥದ್ದೇ?

ಉತ್ತರ: ಎರಡೂ ಅಲ್ಲ. ಮಹರ್ ವಧುವಿನ ಸ್ವಂತ ಆಸ್ತಿ. ಕುರಾನಿನ 4ನೇ ಅಧ್ಯಾಯದ 4ನೇ ವಚನ ಅದನ್ನು ಹೆಣ್ಣಿಗೇ ಕೊಡಬೇಕೆಂದು ವಿಧಿಸುತ್ತದೆ. ಅವಳು ಮನಸಾರೆ ಬಿಟ್ಟುಕೊಟ್ಟರಷ್ಟೇ ಗಂಡ ಅದನ್ನು ಬಳಸಬಹುದು.

ನಿಕಾಹ್, ಅಂದರೆ ಮುಸ್ಲಿಂ ಮದುವೆ, ಒಂದು ಒಪ್ಪಂದ. ವಧುವಿನ ಒಪ್ಪಿಗೆ ಪಡೆದು, ಸಾಕ್ಷಿಗಳ ಮುಂದೆ ಮಹರ್ ಎಷ್ಟೆಂದು ಹೇಳಿ, ಮದುವೆಯ ಕರಾರುಪತ್ರವಾದ ನಿಕಾಹ್‌ನಾಮೆಯಲ್ಲಿ ಬರೆದು ಸಹಿ ಹಾಕಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಚಿನ್ನವನ್ನೇ ಮಹರ್ ಆಗಿ ಕೊಡುವ ರೂಢಿಯೂ ಉಂಟು. ಒಂದಷ್ಟನ್ನು ಕೂಡಲೇ ಕೊಟ್ಟು, ಉಳಿದದ್ದನ್ನು ತಲಾಖ್ ಅಥವಾ ಗಂಡನ ಮರಣದ ಸಂದರ್ಭಕ್ಕೆ ಬಾಕಿ ಇಡಬಹುದು. ಈ ಬಾಕಿ ಗಂಡನ ಮೇಲಿನ ಸಾಲ. ಅವನು ತೀರಿಕೊಂಡರೆ, ವಾರಸುದಾರರಿಗೆ ಪಾಲು ಹಂಚುವ ಮೊದಲೇ ಅದನ್ನು ತೀರಿಸಬೇಕು.

1961ರ ವರದಕ್ಷಿಣೆ ನಿಷೇಧ ಕಾಯ್ದೆಯೂ ಮಹರನ್ನು ವರದಕ್ಷಿಣೆ ಎಂದು ಪರಿಗಣಿಸುವುದಿಲ್ಲ. ಆದರೆ ಮಹರನ್ನು ನೆಪಕ್ಕಷ್ಟೇ ಬರೆಸಿ, ಹೆಣ್ಣಿನ ಕಡೆಯಿಂದ ವರದಕ್ಷಿಣೆ ಕೀಳುವವರಿದ್ದಾರೆ. ಇದು ಧರ್ಮಕ್ಕೂ ಕಾನೂನಿಗೂ ವಿರುದ್ಧ. ಆದ್ದರಿಂದ ಮಹರಿನ ಮೊತ್ತ, ಕೊಟ್ಟದ್ದೆಷ್ಟು, ಬಾಕಿಯೆಷ್ಟು ಎಂಬುದನ್ನು ಸ್ಪಷ್ಟವಾಗಿ ಬರೆಸಿ, ನಿಕಾಹ್‌ನಾಮೆಯ ಒಂದು ಪ್ರತಿಯನ್ನು ವಧು ತನ್ನ ಬಳಿಯೇ ಇಟ್ಟುಕೊಳ್ಳಬೇಕು.