ಕಡಿಯದೆ ಉಳಿದ ಕೊಕ್ಕೊ ಗಿಡ

ಕೊಕ್ಕೊ ಹಣ್ಣನ್ನು ಕಲ್ಲಿಗೆ ಕುಟ್ಟಿ ಒಡೆದರೆ ಒಳಗೆ ಬಿಳಿ ಲೋಳೆ ಮೆತ್ತಿಕೊಂಡ ಬೀಜಗಳ ಸಾಲು. ಲೋಳೆ ಚೀಪಿದರೆ ಸಿಹಿಹುಳಿ. ಬೀಜ ಕಚ್ಚಿದರೆ ಬಾಯೆಲ್ಲ ಕಹಿ, ಒಗರು. ಚಾಕಲೇಟಿನ ಸುಳಿವೇ ಇಲ್ಲ. 1970ರ ದಶಕದಲ್ಲಿ ದಕ್ಷಿಣ ಕನ್ನಡ, ಕಾಸರಗೋಡಿನ ಕೃಷಿಕರು ಅಡಿಕೆ ಮರದ ನೆರಳಲ್ಲಿ ಈ ಗಿಡ ನೆಟ್ಟರು. ಬೀಜವನ್ನು ಚಾಕಲೇಟು ಕಂಪನಿಯೊಂದು ಕೊಳ್ಳುತ್ತಿತ್ತು.

ದಶಕ ಮುಗಿಯುವ ಹೊತ್ತಿಗೆ ಹೊರದೇಶದ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು, ಖರೀದಿ ನಿಂತಿತು. ಹಸಿ ಕೊಕ್ಕೊ ಅಡಿಕೆಯ ಹಾಗೆ ಅಟ್ಟದಲ್ಲಿಟ್ಟು ದರ ಕಾಯುವ ಮಾಲಲ್ಲ. ಎಷ್ಟೋ ಮಂದಿ ಗಿಡ ಕಡಿದರು.

ಆಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು. ಅಡಿಕೆ ದರ ನೆಲಕಚ್ಚಿದ ಕಾಲದಲ್ಲಿ, 1973ರ ಜುಲೈ 11ರಂದು, ಮಂಗಳೂರಿನಲ್ಲಿ ಬೆಳೆಗಾರರೇ ಕಟ್ಟಿಕೊಂಡ ಸಹಕಾರಿ ಸಂಸ್ಥೆ ಅದು. ಸ್ಥಾಪಕ ಅಧ್ಯಕ್ಷರು ವಾರಣಾಶಿ ಸುಬ್ರಾಯ ಭಟ್ಟರು, ತಾವೂ ಕೃಷಿಕರು.

ಕೊಂಡ ಬೀಜವನ್ನು ರಾಶಿ ಹಾಕಿ ಮುಚ್ಚಿ ಹುದುಗು ಬರಿಸಬೇಕು. ಮೊದಲು ಕಳ್ಳಿನ ವಾಸನೆ, ಆಮೇಲೆ ಮೂಗಿಗೆ ಹೊಡೆಯುವ ಹುಳಿ ಘಾಟು. ಮೂರನೆಯ ದಿನ ರಾಶಿಯೊಳಗೆ ಕೈ ಹಾಕಿದರೆ ಸುಡುವಷ್ಟು ಬಿಸಿ. ಆ ಬಿಸಿಗೆ ಬೀಜದ ಮೊಳಕೆ ಸತ್ತು, ಒಗರು ತಗ್ಗಿ, ಪರಿಮಳಕ್ಕೆ ಬೇಕಾದ ಸತ್ವ ಕೂಡಿಕೊಳ್ಳುತ್ತದೆ. ಐದಾರು ದಿನ ಕಳೆದ ಮೇಲೆ ಒಣಗಿಸುವುದು. ಹುರಿದಾಗಲೇ ಚಾಕಲೇಟಿನ ಘಮ.

ಒಣ ಬೀಜವನ್ನೂ ಇನ್ನೊಬ್ಬರಿಗೆ ಮಾರಿಯೇ ಕುಳಿತರೆ ಹಳೆಯ ಸಂಕಟ ಮತ್ತೆ ಬರುವುದು ಖಂಡಿತ. ಹಾಗಾದರೆ ಚಾಕಲೇಟನ್ನೇ ಮಾಡಬಾರದೇಕೆ?

ಕೈಕೊಟ್ಟ ವ್ಯಾಪಾರವೇ ಚಾಕಲೇಟಿಗೆ ದಾರಿ ತೋರಿಸಿದ್ದು ಇದೇ ಮೊದಲಲ್ಲ. ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದ ಡೇನಿಯಲ್ ಪೀಟರ್ ಮೇಣದ ಬತ್ತಿ ಮಾಡುತ್ತಿದ್ದವನು. ಸೀಮೆಎಣ್ಣೆ ದೀಪ ಬಂದು ಬತ್ತಿಗೆ ಗಿರಾಕಿ ಕಡಿಮೆಯಾದಾಗ ಹೆಂಡತಿಯ ತವರಿನ ಕಸುಬಾದ ಚಾಕಲೇಟಿಗೆ ಬಂದ. ಹಾಲು ಬೆರೆಸಿದರೆ ರುಚಿ ಎಂದು ಗೊತ್ತು. ಆದರೆ ಕೊಕ್ಕೊದ ಜಿಡ್ಡಿಗೂ ಹಾಲಿನ ನೀರಿಗೂ ಹೊಂದುತ್ತಿರಲಿಲ್ಲ. ವರ್ಷಗಟ್ಟಲೆ ಹೆಣಗಿ, ಹಾಲಿನ ನೀರಿನಂಶ ತೆಗೆಯುವ ಉಪಾಯ ಹಿಡಿದು, 1875ರಲ್ಲಿ ಹಾಲಿನ ಚಾಕಲೇಟು ಮಾಡಿದ.

ಕ್ಯಾಂಪ್ಕೊ ಕೃಷಿಕರ ಶೋಧ ಬೇರೆ ಬಗೆಯದು. ಬೀಜ ಬೆಳೆದವನೇ ಚಾಕಲೇಟು ಕಾರ್ಖಾನೆಯ ಒಡೆಯನೂ ಆಗಬಹುದು ಎಂಬುದನ್ನು ಅವರು ಕಂಡುಕೊಂಡರು. 1986ರಲ್ಲಿ ದಕ್ಷಿಣ ಕನ್ನಡದ ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೊ ಚಾಕಲೇಟು ಕಾರ್ಖಾನೆಯನ್ನು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಉದ್ಘಾಟಿಸಿದರು. ಊರಿನ ಕೊಕ್ಕೊವನ್ನು ಹುರಿದು, ಅರೆದು, ಹಾಲುಪುಡಿ, ಸಕ್ಕರೆ ಸೇರಿಸಿ ಅಚ್ಚಿಗೆ ಹೊಯ್ಯುವ ಕೆಲಸ ಅಲ್ಲಿ ಮೊದಲಾಯಿತು.

ಕೊಕ್ಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ನಮ್ಮ ಮೈಬಿಸಿಗಿಂತ ತುಸು ಕೆಳಗೆ. ಅದಕ್ಕೇ ಚಾಕಲೇಟು ನಾಲಿಗೆಯ ಮೇಲೆ ತಾನಾಗಿ ಕರಗುತ್ತದೆ. ಕ್ಯಾಂಪ್ಕೊ ಬಾರಿನ ಒಂದು ತುಂಡು ಹಾಗೆ ಕರಗುವಾಗ, ಅಂದು ಕತ್ತಿ ಎತ್ತಿಯೂ ಗಿಡ ಕಡಿಯದೆ ಮನೆಗೆ ಮರಳಿದ ಕೃಷಿಕರನ್ನು ನೆನೆಯುತ್ತೇನೆ.